ವಸಂತದಲ್ಲಿ ಎರಡನೆಯ ಗೆರೆ

ಎಲ್ಲ ಅವಾಂತರಕ್ಕೂ ಕಾರಣ ಮೂರೇ ಸಾಲಿನ ಒಂದು ಕಾಗದ. ಅದು ಟೈಪಿಸ್ಟ್ ಅಕ್ಕನ ಊಟದ ಡಬ್ಬಿಯ ಕೆಳಗೆ ನಾಲ್ಕು ದಿನ ಆರಾಮಾಗಿ ಮಲಗಿತ್ತು. ಐದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಎದ್ದು ನಿರ್ದೇಶಕರ ಮೇಜಿಗೆ ಬಂದಿತು. ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ಎಲೆಸುಡು ರೋಗದ ಪರೀಕ್ಷೆ ಹೇಗೆ ನಡೆಯುತ್ತಿದೆ ಎಂದು ನೋಡಲು ಮೇಲಧಿಕಾರಿ ಬರುತ್ತಾರೆ. ಪ್ರಯೋಗಾಲಯದ ತಾತ್ಕಾಲಿಕ ಸಹಾಯಕರನ್ನು ಕಾಯಂ ಮಾಡುವ ವಿಷಯವೂ ಅಂದೇ ತೀರ್ಮಾನವಾಗುತ್ತದೆ ಎಂದು ಅದರಲ್ಲಿತ್ತು. ಬರುವ ದಿನ ಇವತ್ತು. ಬರುವ ಹೊತ್ತು ಮಧ್ಯಾಹ್ನ ಮೂರು.

ಆ ತಾತ್ಕಾಲಿಕ ಸಹಾಯಕನೇ ನಮ್ಮ ತೊಟ್ಟಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿದೆ, ಹೊರಗೆ ಯಾರೂ ಬಳಸುವುದಿಲ್ಲ. ಏಳು ವರ್ಷದಿಂದ ಕೈಯಲ್ಲೊಂದು ಪುಟ್ಟ ಕತ್ತರಿ ಹಿಡಿದು ದ್ರಾಕ್ಷಿ ಎಲೆಗಳ ತೊಟ್ಟು ಕತ್ತರಿಸಿ, ಅರೆದು, ಪರೀಕ್ಷೆ ಮಾಡುತ್ತ ಬಂದವನಿಗೆ ಓಣಿಯವರು ಕೊಟ್ಟ ಬಿರುದು ಅದು. ಏಳು ವರ್ಷವೂ ತಾತ್ಕಾಲಿಕ. ಮದುವೆ ಕಾಯಂ, ಮನೆಬಾಡಿಗೆ ಕಾಯಂ, ಬೆನ್ನುನೋವು ಕಾಯಂ. ಕೆಲಸ ಮಾತ್ರ ತಾತ್ಕಾಲಿಕ. ಆದರೂ ತೊಟ್ಟಪ್ಪನಿಗೆ ತನ್ನ ವಿದ್ಯೆಯ ಮೇಲೆ ಬೆಟ್ಟದಷ್ಟು ಭರವಸೆ. ಎಲೆಸುಡು ರೋಗದ ಬ್ಯಾಕ್ಟೀರಿಯಾದ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಾದದ್ದೇ ಇಲ್ಲ. ಅದನ್ನು ಕೇಳುವವರು ಇರಲಿಲ್ಲ, ಅಷ್ಟೆ.

ನಿರ್ದೇಶಕರು ಕರೆಗಂಟೆಯನ್ನು ಒತ್ತಿದ ಬೆರಳು ತೆಗೆಯದೆ ಕೂಗಿದರು: "ತೊಟ್ಟಪ್ಪಾ! ಇವತ್ತು ಮೂರು ಗಂಟೆಯೊಳಗೆ ನನಗೆ ಆ ಕ್ರಿಮಿ ಬೇಕು."

"ಈಗ ಸಿಗಲ್ಲ ಸಾರ್," ಎಂದ ತೊಟ್ಟಪ್ಪ, ಒಂದು ಕ್ಷಣವೂ ಯೋಚಿಸದೆ.

"ಸಿಗಲ್ಲ ಅಂದ್ರೆ?"

"ಈಗ ತಾನೆ ಚಳಿ ಮುಗಿದು ಚಿಗುರು ಬರ್ತಿದೆ. ಚಳಿಗೆ ಬಳ್ಳಿಯೊಳಗಿನ ಕ್ರಿಮಿ ಮುಕ್ಕಾಲು ಪಾಲು ಸತ್ತು ಹೋಗಿರುತ್ತೆ. ಉಳಿದ ನಾಲ್ಕು ಎಲ್ಲೋ ಹಳೇ ಕಾಂಡದಲ್ಲಿ ಮುದುಡಿಕೊಂಡಿರುತ್ತವೆ. ಬಿಸಿಲು ಏರಿದ ಹಾಗೆ ಹೆಚ್ತಾ ಹೆಚ್ತಾ, ಬೇಸಿಗೆ ಮುಗಿಯೋ ಹೊತ್ತಿಗೆ ಬಳ್ಳಿ ನೀರು ಕುಡಿಯೋ ಕೊಳವೆನೆಲ್ಲಾ ಕಟ್ಟಿಹಾಕುತ್ತವೆ. ಆಗ ಎಲೆ ಅಂಚು ಸುಟ್ಟ ಹಾಗಾಗುತ್ತೆ, ಆಗ ಕೇಳಿ, ಬುಟ್ಟಿ ತುಂಬಾ ತೋರಿಸ್ತೀನಿ. ವಸಂತದಲ್ಲಿ ತೊಟ್ಟು ಪರೀಕ್ಷೆ ಮಾಡಿದ್ರೆ ರೋಗದ ಬಳ್ಳೀನೂ ಆರೋಗ್ಯವಾಗಿದೆ ಅಂತಲೇ ಬರುತ್ತೆ."

ನಿರ್ದೇಶಕರು ಹಿಂದೆ ಕೋಳಿ ಸಾಕಣೆ ಇಲಾಖೆಯಲ್ಲಿದ್ದವರು. ರೋಗ ಬಂದರೆ ಕೋಳಿ ಸಾಯುತ್ತದೆ, ಬಾರದಿದ್ದರೆ ಮೊಟ್ಟೆ ಇಡುತ್ತದೆ. ನಡುವೆ ಋತುಗಿತು ಎಂಬ ತಕರಾರು ಅವರು ಕಂಡಿರಲಿಲ್ಲ. "ನೋಡು, ರೋಗದ ಪ್ರಯೋಗಾಲಯ ನೋಡೋಕೆ ಬಂದವರಿಗೆ ರೋಗ ಇಲ್ಲ ಅಂದ್ರೆ, ಮತ್ತೆ ಪ್ರಯೋಗಾಲಯ ಯಾಕೆ ಅಂತಾರೆ. ಬೀಗ ಹಾಕಿಸ್ತಾರೆ. 'ಸಿಗಲ್ಲ' ಅನ್ನೋ ಮಾತು ಅವರ ಮುಂದೆ ನಿನ್ನ ಬಾಯಿಂದ ಬರಕೂಡದು. ಬಂತೋ, ಕಾಯಂ ಮರೆತುಬಿಡು, ತಾತ್ಕಾಲಿಕನೂ ಮರೆತುಬಿಡು."

ಬೇಸಿಗೆಯ ಕೊನೆಯಲ್ಲಿ ಕೂಡಿಟ್ಟ ರೋಗದ ತೊಟ್ಟುಗಳ ಡಬ್ಬಿಯೊಂದು ಫ್ರಿಜ್‌ನಲ್ಲಿರಬೇಕಲ್ಲ ಎಂದು ತೊಟ್ಟಪ್ಪ ಓಡಿದ. ಫ್ರಿಜ್ ಫಳಫಳ ಹೊಳೆಯುತ್ತಿತ್ತು. "ಕೊಳೆತ ಸೊಪ್ಪು ತುಂಬಿಟ್ಟಿದ್ರಲ್ಲ ತೊಟ್ಟಪ್ಪನವರೇ, ಹೋದ ವಾರ ನಾನೇ ಎಲ್ಲ ಎಸೆದು ಸೋಪು ಹಾಕಿ ತೊಳೆದೆ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ನೀವು," ಎಂದಳು ಟೈಪಿಸ್ಟ್ ಅಕ್ಕ. ತೊಟ್ಟಪ್ಪ ಥ್ಯಾಂಕ್ಸ್ ಹೇಳಿದ.

ಉಳಿದದ್ದು ಒಂದೇ ದಾರಿ. ತೋಟದ ಏಳನೇ ಪಾತಿಯಲ್ಲಿ ಹನ್ನೆರಡು ಬಳ್ಳಿಗಳಿದ್ದವು. ರೋಗ ಹೇಗೆ ಬೆಳೆಯುತ್ತದೆಂದು ನೋಡಲಿಕ್ಕೆಂದೇ ಬಲೆ ಕಟ್ಟಿ ಉಳಿಸಿಕೊಂಡ ಕಾಯಿಲೆಯ ಬಳ್ಳಿಗಳು. ಈಗ ನೋಡಿದರೆ ಹನ್ನೆರಡೂ ಮದುವೆಗೆ ಹೊರಟ ಹುಡುಗಿಯರ ಹಾಗೆ ಹಸಿರುಟ್ಟು ನಗುತ್ತಿದ್ದವು. ತೊಟ್ಟಪ್ಪ ಒಂದೊಂದರ ತೊಟ್ಟೂ ಕತ್ತರಿಸಿದ. ಪರೀಕ್ಷೆ ಸುಲಭ: ತೊಟ್ಟು ಅರೆದು, ದ್ರಾವಣದಲ್ಲಿ ಕಲಸಿ, ಕಾಗದದ ಪಟ್ಟಿ ಅದ್ದಿ ಹದಿನೈದು ನಿಮಿಷ ಕಾಯಬೇಕು. ಒಂದು ಗೆರೆ ಬಂದರೆ ಬಳ್ಳಿ ಕ್ಷೇಮ, ಎರಡು ಗೆರೆ ಬಂದರೆ ಕ್ರಿಮಿ ಇದೆ. ಡಬ್ಬಿಯಲ್ಲಿ ಇಪ್ಪತ್ತು ಪಟ್ಟಿಗಳಿದ್ದವು. ಹನ್ನೆರಡು ಪಟ್ಟಿ ಅದ್ದಿದ. ಹನ್ನೆರಡರಲ್ಲೂ ಒಂದೊಂದೇ ಗೆರೆ.

"ನಾನು ಹೇಳಲಿಲ್ವಾ!" ಎಂದು ತೊಟ್ಟಪ್ಪ ಖುಷಿಯಿಂದ ಮೇಜು ಕುಟ್ಟಿದ. ಆಮೇಲೆ ಖುಷಿಪಡುವ ಸಮಯ ಇದಲ್ಲ ಎಂದು ನೆನಪಾಯಿತು.

ಟೈಪಿಸ್ಟ್ ಅಕ್ಕ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಇಷ್ಟೇನಾ? ಇನ್ನೊಂದು ಗೆರೆ ತಾನೇ ಬೇಕಾದ್ದು? ನನ್ನ ಹತ್ರ ಕೆಂಪು ಪೆನ್ ಇದೆ, ಸ್ಕೇಲೂ ಇದೆ."

"ಅಕ್ಕಾ, ತೊಟ್ಟಪ್ಪ ಹಸಿದು ಬೇಕಾದ್ರೂ ಸಾಯ್ತಾನೆ, ಸುಳ್ಳು ಗೆರೆ ಎಳೆಯಲ್ಲ."

"ಎಳೀಬೇಡಿ ಬಿಡಿ. ನಾನು ಎಳೀತೀನಿ ಅಂದೆ," ಎಂದು ಅಕ್ಕ ಮುಖ ಊದಿಸಿಕೊಂಡು ಹೋದಳು.

ಇಂಥ ಹೊತ್ತಿನಲ್ಲಿ ಗಂಡಸು ಮಾಡಬಾರದ ಕೆಲಸವನ್ನು ತೊಟ್ಟಪ್ಪ ಮಾಡಿದ. ಹೆಂಡತಿಗೆ ಫೋನು ಮಾಡಿ ತನ್ನ ಸಂಕಟ ಹೇಳಿಕೊಂಡ. ಅವಳಿಗೆ ಗಂಡನ ಮೇಲೆ ಪ್ರೀತಿ ಇತ್ತು, ಕಾಯಂ ಕೆಲಸದ ಮೇಲೆ ಇನ್ನೂ ಹೆಚ್ಚಿಗೆ ಇತ್ತು. "ನೀವು ಸುಮ್ನಿರಿ, ನಾನಿದ್ದೀನಿ," ಎಂದು ಫೋನಿಟ್ಟವಳು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕಿದಳು: 'ಕಾಯಿಲೆ ಬಿದ್ದ ದ್ರಾಕ್ಷಿ ಎಲೆ ಯಾರ ಮನೆಯಲ್ಲಿದ್ದರೂ ತಕ್ಷಣ ನಮ್ಮವರ ಆಫೀಸಿಗೆ ತನ್ನಿ. ಎಲೆ ಚೆನ್ನಾಗಿ ಕಾಯಿಲೆ ಬಿದ್ದಿರಬೇಕು. ನಮ್ಮವರ ಕೆಲಸ ಕಾಯಂ ಆಗುತ್ತದೆ.' ಕೆಳಗೆ ಕೈಮುಗಿಯುವ ಚಿತ್ರ ಮೂರು.

ಆ ಓಣಿಯಲ್ಲಿ ದ್ರಾಕ್ಷಿ ಚಪ್ಪರ ಇಲ್ಲದ ಮನೆಯೇ ಇಲ್ಲ. ಬೇರೆಯವರ ವಿಷಯದಲ್ಲಿ ಮೂಗು ತೂರಿಸದ ಮನುಷ್ಯರೂ ಇಲ್ಲ. ಹನ್ನೊಂದು ಗಂಟೆಗೆಲ್ಲ ಪ್ರಯೋಗಾಲಯದ ಬಾಗಿಲಿನಿಂದ ಗೇಟಿನವರೆಗೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರರು. ಅವರು ಎಲೆಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಪೂರ್ತಿ ವಿಳಾಸ ಬರೆದು ತಾವೇ ಹೊತ್ತು ತಂದಿದ್ದರು.

ತೊಟ್ಟಪ್ಪ ಲಕೋಟೆ ಬಿಡಿಸಿ ಎಲೆಯನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. "ಇದು ರೋಗ ಅಲ್ಲ ಯಜಮಾನ್ರೇ. ಬಟ್ಟೆ ಒಗೆದ ನೀರನ್ನ ಬುಡಕ್ಕೆ ಸುರೀತೀರಿ. ಸೋಪಿನ ಉಪ್ಪಿಗೆ ಅಂಚು ಕಂದಿದೆ."

"ಮೂವತ್ತೆಂಟು ವರ್ಷ ಸರ್ವೀಸ್ ಮಾಡಿದವನು ನಾನು. ನನ್ನ ಬಳ್ಳಿಗೆ ರೋಗ ಇಲ್ಲ ಅಂತ ಮುಖದ ಮೇಲೆ ಹೇಳ್ತೀಯಾ?" ಎಂದು ಪೋಸ್ಟ್‌ಮಾಸ್ಟರರು ಕೆಂಡವಾದರು. "ಪಟ್ಟಿ ಹಾಕಿ ನೋಡು."

"ಪಟ್ಟಿ ಎಂಟೇ ಉಳಿದಿದೆ..."

"ಹಾಕಿ ನೋಡಯ್ಯಾ, ಹಿರಿಯರು ಹೇಳ್ತಿದ್ದಾರೆ," ಎಂದು ಒಳಗಿನಿಂದ ನಿರ್ದೇಶಕರ ದನಿ ಬಂತು. ಹಾಕಿದ. ಒಂದೇ ಗೆರೆ.

ಆಮೇಲೆ ಬಂದವರ ಕತೆ ಏನು ಕೇಳುತ್ತೀರಿ! ಒಬ್ಬರ ಎಲೆ ನಾಯಿ ದಿನವೂ ಕಾಲೆತ್ತುವ ಕಂಬದ ಪಕ್ಕದ್ದು. ಇನ್ನೊಬ್ಬರದು ಸುಣ್ಣ ಬಳಿಯುವಾಗ ಸಿಡಿದದ್ದು. ಮೂಲೆಮನೆಯ ಅಜ್ಜಿ ತಂದದ್ದು ಕುಂಬಳದ ಎಲೆ. "ದ್ರಾಕ್ಷಿ ಪಕ್ಕದಲ್ಲೇ ಬೆಳೆದದ್ದಪ್ಪ, ಸಹವಾಸದಿಂದ ಏನಾದ್ರೂ ಬಂದಿರಬಹುದು" ಎಂದಳು. ಜೊತೆಗೆ ತನ್ನ ಕೆಮ್ಮನ್ನೂ ಒಂದಿಷ್ಟು ನೋಡು ಎಂದಳು. ತೊಟ್ಟಪ್ಪ ಒಬ್ಬೊಬ್ಬರ ಎಲೆಯನ್ನೂ ಒಂದೇ ನೋಟಕ್ಕೆ ಗುರುತಿಸಿ ಕಾರಣ ಹೇಳಿದ, ಒಂದೂ ತಪ್ಪಲಿಲ್ಲ. ತಪ್ಪದೆ ಇದ್ದದ್ದೇ ತಪ್ಪಾಯಿತು. ತಮ್ಮ ಬಳ್ಳಿ ಆರೋಗ್ಯವಾಗಿದೆ ಎಂದು ಕೇಳಿದವರೆಲ್ಲ ಅವಮಾನವಾದಂತೆ ಜಗಳಕ್ಕೆ ನಿಂತರು. ಪಕ್ಕದ ಮನೆಯವನ ಎಲೆಗೆ ಪಟ್ಟಿ ಹಾಕಿ ನಮ್ಮ ಎಲೆಗೆ ಹಾಕದಿದ್ದರೆ ಹೇಗೆ ಎಂದು ಒಬ್ಬರು ಮರ್ಯಾದೆಯ ಪ್ರಶ್ನೆ ಎತ್ತಿದರು. ನಿರ್ದೇಶಕರು ಪ್ರತಿ ಸಲವೂ ಒಳಗಿನಿಂದ "ಹಾಕಯ್ಯಾ" ಎಂದರು. ಹನ್ನೆರಡೂವರೆಯ ಹೊತ್ತಿಗೆ ಡಬ್ಬಿಯಲ್ಲಿ ಒಂದೇ ಒಂದು ಪಟ್ಟಿ ಉಳಿದಿತ್ತು.

ಆ ಒಂದನ್ನು ತೊಟ್ಟಪ್ಪ ಜೇಬಿಗೆ ಹಾಕಿ ಮೇಲೆ ಕೈ ಇಟ್ಟುಕೊಂಡ. ಸಾಲಿನ ಕೊನೆಯಲ್ಲಿ ಟೀಚರಮ್ಮ ಬರಿಗೈಯಲ್ಲಿ ನಿಂತಿದ್ದರು. ಅವನಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು.

"ನಮ್ಮ ಬಳ್ಳೀಲಿ ಎಲೆಯೇ ಇಲ್ಲ ಕಣಪ್ಪಾ, ಈಗ ಚಿಗುರ್ತಿದೆ," ಎಂದರು. "ಎಲ್ಲರದ್ದೂ ಈಗ ಬಂದ ಎಲೆಯೇ ಅಲ್ವಾ? ಚಳೀಲಿ ಎಲ್ಲರ ಬಳ್ಳೀನೂ ಬೋಳಾಯ್ತು. ಬೇಕರಿಯಣ್ಣಂದು ಮಾತ್ರ ಒಂದೆಲೆ ಉದುರಿಸಲಿಲ್ಲ ನೋಡು, ಪುಣ್ಯವಂತ! ಒಲೆ ಗೋಡೆ ಮೇಲೆ ಹಬ್ಬಿಸಿದ್ದಾನಲ್ಲ, ವರ್ಷವಿಡೀ ಬೆಚ್ಚಗಿರುತ್ತೆ."

ತೊಟ್ಟಪ್ಪ ಬಾಯಿ ತೆರೆದು ಹಾಗೇ ನಿಂತ. ಬೆಚ್ಚಗಿನ ಗೋಡೆ! ಚಳಿಯೇ ತಾಕದ ಬಳ್ಳಿ! ಚಳಿ ತಾಕದಿದ್ದರೆ ಕ್ರಿಮಿ ಸಾಯುವುದೇಕೆ? ಹೋದ ಬೇಸಿಗೆಯಲ್ಲಿ ಹೊಕ್ಕ ಬ್ಯಾಕ್ಟೀರಿಯಾಕ್ಕೆ ಆ ಬಳ್ಳಿಯೊಳಗೆ ಬೇಸಿಗೆ ಇನ್ನೂ ಮುಗಿದೇ ಇಲ್ಲ. ಊರಿಗೆಲ್ಲ ವಸಂತ ಬಂದಿದ್ದರೂ ಬೇಕರಿಯ ಹಿಂದುಗಡೆ ಮಾತ್ರ ಹಳೆಯ ಬೇಸಿಗೆ ಕೂತಿದೆ. ಅವನು ಬಗ್ಗಿ ಟೀಚರಮ್ಮನ ಕಾಲು ಮುಟ್ಟಿದ. ಆಮೇಲೆ ಸೈಕಲ್ ಹತ್ತಿದ.

ಬೇಕರಿಯ ಮುಂದೆ ಮಧ್ಯಾಹ್ನದ ಬಿಸಿ ಬ್ರೆಡ್ಡಿಗೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಬೇಕರಿಯಣ್ಣ ಬಾಗಿಲಿನಷ್ಟು ಅಗಲದ ಆಳು, ಹುಬ್ಬಿನವರೆಗೂ ಹಿಟ್ಟು. ತೊಟ್ಟಪ್ಪ ಅವನನ್ನು ಮಾತಾಡಿಸುವಷ್ಟೂ ತಾಳ್ಮೆಯಿಲ್ಲದೆ ಹಿಂಬಾಗಿಲಿಗೆ ನುಗ್ಗಿದ. ಒಲೆಯ ಹಿಂದಿನ ಗೋಡೆಗೆ ಕೈ ಇಟ್ಟ. ಕಾಯಿಸಿದ ಇಸ್ತ್ರಿಪೆಟ್ಟಿಗೆ ಆರುತ್ತಿರುವ ಹಾಗೆ ಹದವಾದ ಬಿಸಿ. ಗೋಡೆಯ ತುಂಬ ಹಬ್ಬಿದ ಬಳ್ಳಿ, ಹಳೆಯ ದೊಡ್ಡ ಎಲೆಗಳು, ಒಂದೊಂದರ ಅಂಚೂ ಕಂದುಬಣ್ಣಕ್ಕೆ ತಿರುಗಿ ಒಳಗೆ ಹಳದಿ ಪಟ್ಟಿ. ಎಲೆ ಉದುರಿ ಬರೀ ತೊಟ್ಟು ಮಾತ್ರ ಉಳಿದ ಕಡ್ಡಿಗಳೂ ಅಲ್ಲಲ್ಲಿ ಇದ್ದವು. ಏಳು ವರ್ಷದಲ್ಲಿ ಇಷ್ಟು ಚೆಂದದ ಕಾಯಿಲೆಯನ್ನು ಅವನು ನೋಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತು.

ಒಳ್ಳೆಯ ತೊಟ್ಟುಗಳು ಮೇಲಿದ್ದವು. ಹಿಟ್ಟಿನ ಪೀಪಾಯಿಯ ಮುಚ್ಚಳದ ಮೇಲೆ ಹತ್ತಿ, ಕೈ ಚಾಚಿ ಕತ್ತರಿಸತೊಡಗಿದ. ಹತ್ತನೆಯ ತೊಟ್ಟು ಕೈಗೆ ಬಂದಾಗ ಮುಚ್ಚಳ ಕೈಕೊಟ್ಟಿತು. ತೊಟ್ಟಪ್ಪ ಎದೆಯವರೆಗೂ ಹಿಟ್ಟಿನಲ್ಲಿ ಇಳಿದ. ತೊಟ್ಟು ಹಿಡಿದ ಕೈ ಮಾತ್ರ ಮೇಲಿತ್ತು.

"ಯಾರದು ನನ್ನ ಹಿಟ್ಟಲ್ಲಿ!" ಎಂದು ಬೇಕರಿಯಣ್ಣ ಓಡಿ ಬಂದ. ಹಿಂದೆಯೇ ಬ್ರೆಡ್ಡಿಗೆ ಕಾದಿದ್ದವರೆಲ್ಲ ಬಂದರು.

"ಅಣ್ಣಾ! ಸಿಕ್ತು ಅಣ್ಣಾ!" ಎಂದು ತೊಟ್ಟಪ್ಪ ಪೀಪಾಯಿಯೊಳಗಿಂದಲೇ ಕೂಗಿದ. "ನಿನ್ನ ಬೇಕರಿ ತುಂಬಾ ಬ್ಯಾಕ್ಟೀರಿಯಾ ಇದೆ! ಲಕ್ಷಗಟ್ಟಲೆ! ಊರಲ್ಲಿ ಇನ್ನೆಲ್ಲೂ ಇಲ್ಲ, ನಿನ್ನ ಹತ್ರ ಮಾತ್ರ ಇದೆ!"

ಕೈಯಲ್ಲಿದ್ದ ಬನ್ನನ್ನು ಒಬ್ಬ ಮೆಲ್ಲಗೆ ಕಿಟಕಿಯ ಮೇಲಿಟ್ಟ. ಇನ್ನೊಬ್ಬ ಬಾಯಲ್ಲಿದ್ದುದನ್ನು ಉಗುಳಲು ಜಾಗ ಹುಡುಕಿದ.

"ಅಯ್ಯೋ, ಬ್ರೆಡ್ಡಲ್ಲಿ ಅಲ್ಲ, ಬಳ್ಳೀಲಿ! ಮನುಷ್ಯರಿಗೆ ಏನೂ ಆಗಲ್ಲ! ಇದು ದ್ರಾಕ್ಷಿಗೆ ಮಾತ್ರ!" ಎಂದು ತೊಟ್ಟಪ್ಪ ಹೇಳುವಷ್ಟರಲ್ಲಿ ಅರ್ಧ ಜನ ಕಾಲಿಗೆ ಬುದ್ಧಿ ಹೇಳಿದ್ದರು. ಬೇಕರಿಯಣ್ಣ ಖಾಲಿ ಅಂಗಳ ನೋಡಿದ, ಬಳ್ಳಿ ನೋಡಿದ, ತೊಟ್ಟಪ್ಪನನ್ನು ನೋಡಿದ. "ಬಳ್ಳೀಲಿ ಅಂದ್ಯಾ?" ಎಂದ. "ಬಳ್ಳೀಲೇ ಅಣ್ಣಾ, ನಿನಗೆ ಕೋಟಿ ಪುಣ್ಯ ಬರುತ್ತೆ," ಎಂದು ತೊಟ್ಟಪ್ಪ ಪೀಪಾಯಿಯಿಂದ ಹಾರಿ, ಹಿಟ್ಟಿನ ಮೋಡ ಎಬ್ಬಿಸುತ್ತ ಸೈಕಲ್ ತುಳಿದ. ಬೇಕರಿಯಣ್ಣನ ಮುಖದಲ್ಲಿ ಏನಿತ್ತೆಂದು ನೋಡಲು ಅವನಿಗೆ ಪುರುಸೊತ್ತು ಇರಲಿಲ್ಲ.

ಎರಡೂವರೆಗೆ ಪ್ರಯೋಗಾಲಯ ಸೇರಿದ. ಇರುವುದೊಂದೇ ಪಟ್ಟಿ, ತಪ್ಪಾಗಬಾರದು. ಹತ್ತು ತೊಟ್ಟುಗಳಲ್ಲಿ ಒಂದನ್ನೂ ಉಳಿಸದೆ ಅರೆದ, ಕಲಸಿದ, ಪಟ್ಟಿ ಅದ್ದಿದ. ನಿರ್ದೇಶಕರು ಉಗುರು ಕಚ್ಚುತ್ತ ಪಕ್ಕದಲ್ಲಿ ನಿಂತರು. ಟೈಪಿಸ್ಟ್ ಅಕ್ಕ ಕೆಂಪು ಪೆನ್ನು ಹಿಡಿದು ಹಿಂದೆ ನಿಂತಳು. ಮೊದಲ ಗೆರೆ ಬಂತು. ಐದು ನಿಮಿಷ ಏನೂ ಇಲ್ಲ. ಆಮೇಲೆ, ಗೋಡೆಯ ಮೇಲೆ ತೇವ ಮೂಡುವ ಹಾಗೆ, ಎರಡನೆಯ ಗೆರೆ ಮೂಡಿತು. ಮೂಡಿ ದಪ್ಪವಾಯಿತು. ಕುರುಡರಿಗೂ ಕಾಣುವಂತಿತ್ತು.

ತೊಟ್ಟಪ್ಪ ಹೆಂಡತಿಗೆ ಫೋನು ಮಾಡಿ ಕಿರುಚಿದ: "ಎರಡು ಗೆರೆ ಬಂತು ಕಣೇ! ಎರಡು ಗೆರೆ!" ಹೊರಗೆ ಗೇಟಿನ ಬಳಿ ಇನ್ನೂ ಮನೆಗೆ ಹೋಗದೆ ನಿಂತಿದ್ದ ಮೂಲೆಮನೆಯ ಅಜ್ಜಿ ಅದನ್ನು ಕೇಳಿ, "ಗಂಡೋ ಹೆಣ್ಣೋ, ಆರೋಗ್ಯವಾಗಿರಲಿ" ಎಂದು ಹಾರೈಸಿದಳು.

ನಿರ್ದೇಶಕರು ಅವನ ಹಿಟ್ಟಿನ ಬೆನ್ನು ತಟ್ಟಿದರು. ಬಿಳಿ ಧೂಳು ಎದ್ದಿತು. "ಭೇಷ್! ಕಾಯಂ ಆಯ್ತು ಅಂತಲೇ ತಿಳ್ಕೋ," ಎಂದರು.

ಸರಿಯಾಗಿ ಮೂರಕ್ಕೆ ಮೇಲಧಿಕಾರಿ ಬಂದರು. ದೊಡ್ಡ ಕಾರು, ದೊಡ್ಡ ಹೊಟ್ಟೆ ನಿರೀಕ್ಷಿಸಿದ್ದವರಿಗೆ ನಿರಾಸೆಯೇ ಆಯಿತು. ಬಸ್ಸಿನಿಂದ ಇಳಿದು ನಡೆದು ಬಂದದ್ದು ಸಣ್ಣಗಿನ ಒಬ್ಬ ವಯಸ್ಸಾದ ಮೇಡಂ. ಹೆಗಲಲ್ಲಿ ಬಟ್ಟೆಯ ಚೀಲ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಕಾಫಿ ಬೇಡ ಎಂದರು, ಕುರ್ಚಿ ಬೇಡ ಎಂದರು.

"ಎಲೆಸುಡು ರೋಗದ ಪರೀಕ್ಷೆ ಮಾಡೋರು ಯಾರು?"

"ನಾನೇ ಮೇಡಂ," ಎಂದ ತೊಟ್ಟಪ್ಪ, ತಲೆಯಿಂದ ಕಾಲಿನವರೆಗೆ ಬಿಳಿಯಾಗಿ.

"ಈಗ ಪರೀಕ್ಷೆ ಮಾಡಿದ್ರೆ ಏನು ಬರುತ್ತೆ?"

ತೊಟ್ಟಪ್ಪ ಬಾಯಿ ತೆರೆಯುವ ಮೊದಲೇ ನಿರ್ದೇಶಕರು ಪಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದರು. "ಎರಡು ಗೆರೆ ಮೇಡಂ! ಇವತ್ತಿನದೇ! ತಾಜಾ!"

ಮೇಡಂ ಭೂತಗನ್ನಡಿ ಎತ್ತಿ ನೋಡಿದರು. ನೋಡಿ ಕೆಳಗಿಟ್ಟರು. ಮುಖ ಬಾಡಿತು.

"ಇದು ಹನ್ನೆರಡನೇ ಕೇಂದ್ರ," ಎಂದರು. "ಹನ್ನೊಂದು ಕಡೆ ಹೋದೆ. ಹನ್ನೊಂದು ಕಡೇನೂ ನನಗೆ ಎರಡು ಗೆರೆ ತೋರಿಸಿದ್ರು. ಒಬ್ಬರು ಕೆಂಪು ಪೆನ್ನಲ್ಲಿ ಬರೆದಿದ್ರು, ಒಬ್ಬರು ಹೋದ ವರ್ಷದ್ದನ್ನ ಇಟ್ಟಿದ್ರು. ವಸಂತದಲ್ಲಿ ಈ ಬ್ಯಾಕ್ಟೀರಿಯಾ ತೊಟ್ಟಲ್ಲಿ ಸಿಗಲ್ಲ ಅಂತ ಗೊತ್ತಿರೋರು, ಗೊತ್ತಿದ್ದು ಧೈರ್ಯವಾಗಿ ಹೇಳೋರು ಯಾರಾದ್ರೂ ಒಬ್ಬರು ಇದ್ದಾರಾ ಅಂತ ನೋಡೋಕೆ ಈ ಕಾಲದಲ್ಲೇ ಹೊರಟೆ. ಅಂಥವರನ್ನ ಕಾಯಂ ಮಾಡೋ ಆದೇಶಾನ ಸಹಿ ಹಾಕಿ ಚೀಲದಲ್ಲಿ ಇಟ್ಕೊಂಡೇ ತಿರುಗ್ತಿದ್ದೀನಿ."

ಟೈಪಿಸ್ಟ್ ಅಕ್ಕ ಕೆಂಪು ಪೆನ್ನನ್ನು ಸೆರಗಿನೊಳಗೆ ಸೇರಿಸಿದಳು. ತೊಟ್ಟಪ್ಪ ಒಂದು ಹೆಜ್ಜೆ ಮುಂದೆ ಬಂದ. "ಮೇಡಂ, ಸಿಗಲ್ಲ ಅಂತ ಬೆಳಿಗ್ಗೆ ನಾನೇ..."

"ನಾನು ಇವನಿಗೆ ಬೆಳಿಗ್ಗೇನೇ ಹೇಳಿದೆ ಮೇಡಂ!" ಎಂದು ನಿರ್ದೇಶಕರು ಅವನ ಮಾತಿನ ಮೇಲೇ ಮಾತು ಹೇರಿದರು. "ಚಳಿಗೆ ಮುಕ್ಕಾಲು ಪಾಲು ಸತ್ತಿರುತ್ತವೆ, ಉಳಿದವು ಹಳೇ ಕಾಂಡದಲ್ಲಿ ಮುದುಡಿರುತ್ತವೆ, ಬೇಸಿಗೆ ಕೊನೇಲಿ ಕೊಳವೆ ಕಟ್ಟುತ್ತವೆ, ಈಗ ಸಿಗಲ್ಲಪ್ಪಾ ಅಂತ ಬಡ್ಕೊಂಡೆ. ಕೇಳಬೇಕಲ್ಲ! ಕಾಯಂ ಆಗೋ ಆಸೆ ನೋಡಿ, ಏನೇನೋ ಮಾಡಿಬಿಟ್ಟಿದ್ದಾನೆ." ಒಂದು ಪದವೂ ಬಿಡದೆ ಒಪ್ಪಿಸಿದರು. ಕೋಳಿ ಇಲಾಖೆಯವರಿಗೆ ಇಷ್ಟು ಜ್ಞಾಪಕಶಕ್ತಿ ಇರುತ್ತದೆಂದು ತೊಟ್ಟಪ್ಪನಿಗೆ ಗೊತ್ತಿರಲಿಲ್ಲ.

ಮೇಡಂ ಮೊದಲ ಸಲ ಮುಗುಳ್ನಕ್ಕು ನಿರ್ದೇಶಕರನ್ನು ನೋಡಿದರು. "ಪರವಾಗಿಲ್ಲ, ನಿಮಗಾದ್ರೂ ಗೊತ್ತಿದೆಯಲ್ಲ."

ತೊಟ್ಟಪ್ಪನಿಗೆ ಸಿಟ್ಟು ಬಂತು. ಅಳುವೂ ಬಂತು. ಆದರೆ ಅವನ ಪಟ್ಟಿ ಸುಳ್ಳಾಗಿರಲಿಲ್ಲ, ಅದೊಂದೇ ಧೈರ್ಯ. "ಮೇಡಂ, ಇದು ಮೋಸದ ಗೆರೆ ಅಲ್ಲ. ಬೇಕರಿ ಒಲೆ ಗೋಡೆಗೆ ಹಬ್ಬಿದ ಬಳ್ಳಿ. ಅದಕ್ಕೆ ಚಳಿ ತಾಕೇ ಇಲ್ಲ. ಚಳಿ ತಾಕದ ಬಳ್ಳೀಲಿ ಕ್ರಿಮಿ ಸಾಯಲ್ಲ. ಋತು ತಪ್ಪಿಸಿಕೊಂಡ ಬಳ್ಳಿ ಅದು."

ಮೇಡಂ ತಲೆ ಓರೆ ಮಾಡಿ ಕೇಳಿದರು. ಕಣ್ಣಲ್ಲಿ ಸಣ್ಣ ಬೆಳಕು ಬಂತು. "ಹಾಗೂ ಆಗಬಹುದು. ನಿಜ ಆದ್ರೆ ಬಹಳ ದೊಡ್ಡ ವಿಷಯ. ಉಳಿದ ತೊಟ್ಟು ಕೊಡಿ, ನಾನೇ ನೋಡ್ತೀನಿ."

"ಉಳಿದಿಲ್ಲ ಮೇಡಂ. ಹತ್ತೂ ಅರೆದುಬಿಟ್ಟೆ."

"ಬಳ್ಳಿ ಇದೆಯಲ್ಲ? ನಡೀರಿ ಬೇಕರಿಗೆ. ಬಳ್ಳಿ ನೀವು ಹೇಳಿದ ಹಾಗಿದ್ರೆ ಆದೇಶ ಅಲ್ಲೇ ಕೊಡ್ತೀನಿ."

ತೊಟ್ಟಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದ. ಓಣಿಯವರಿಗೆ ಸುದ್ದಿ ತಲುಪಲು ಎಷ್ಟು ಹೊತ್ತು? ಪೋಸ್ಟ್‌ಮಾಸ್ಟರರು, ನಾಯಿ ಕಂಬದವರು, ಸುಣ್ಣದವರು, ಅಜ್ಜಿ ಎಲ್ಲರೂ ಹಿಂದೆ ಬಿದ್ದರು. ಬೆಳಗಿನ ಮುನಿಸು ಮರೆತು, ನಮ್ಮ ಹುಡುಗನ ಕೆಲಸ ಉಳಿಸಲೇಬೇಕು ಎಂದು ಅವರು ದಾರಿಯಲ್ಲೇ ಒಮ್ಮತಕ್ಕೆ ಬಂದಿದ್ದರು.

ಬೇಕರಿಯಣ್ಣ ಬಾಗಿಲಲ್ಲೇ ನಿಂತಿದ್ದ, ಬೆವರಿನಲ್ಲಿ ಮುಳುಗಿ, ಮುಖ ತುಂಬ ನಗು. ಹಿಂದಿನ ಗೋಡೆ ಬೋಳಾಗಿತ್ತು. ಬಳ್ಳಿಯ ಜಾಗದಲ್ಲಿ ಅಗೆದ ಗುಂಡಿ, ಗುಂಡಿಯ ತುಂಬ ಸುಣ್ಣ.

"ಬನ್ನಿ ಬನ್ನಿ! ಎಲ್ಲಾ ಚೊಕ್ಕ ಮಾಡಿದ್ದೀನಿ," ಎಂದ. "ತೊಟ್ಟಪ್ಪಾ, ನೀನು ಹೇಳಿ ಹೋದೆಯಲ್ಲ, ಆಮೇಲೆ ಒಂದು ನರಪಿಳ್ಳೇನೂ ಬ್ರೆಡ್ ತಗೊಳ್ಳಲಿಲ್ಲ. ಬುಡಸಮೇತ ಕಿತ್ತು, ಒಂದೆಲೆ ಬಿಡದೆ ಗುಡಿಸಿ ಒಲೆಗೆ ಹಾಕಿದೆ. ಬೂದೀನೂ ಚರಂಡಿಗೆ ಬಿಟ್ಟೆ. ಇನ್ನು ಯಾವ ಅಧಿಕಾರಿ ಬಂದು ಹುಡುಕಿದ್ರೂ ಒಂದು ಕ್ರಿಮಿ ಸಿಗಲ್ಲ!"

ಮೇಡಂ ಗೋಡೆಗೆ ಕೈ ಇಟ್ಟು ನೋಡಿದರು. "ಗೋಡೆ ಬೆಚ್ಚಗಿದೆ," ಎಂದರು, ಅರ್ಧ ನಂಬಿ. "ಬಳ್ಳೀಲಿ ರೋಗ ಇದ್ದದ್ದನ್ನ ಬೇರೆ ಯಾರಾದ್ರೂ ನೋಡಿದ್ರಾ?"

ಅಷ್ಟೇ ಸಾಕಾಯಿತು. "ನಾವೆಲ್ಲ ನೋಡಿದ್ವಿ!" ಎಂದು ಓಣಿ ಒಂದೇ ದನಿಯಲ್ಲಿ ಕೂಗಿತು. ಪೋಸ್ಟ್‌ಮಾಸ್ಟರರು ಮುಂದೆ ಬಂದು ಎದೆಯುಬ್ಬಿಸಿದರು. "ಮೇಡಂ, ಇದೊಂದೇ ಯಾಕೆ? ನನ್ನ ಬಳ್ಳೀಲೂ ಎರಡು ಗೆರೆ ಬಂತು. ಬೆಳಿಗ್ಗೆ ಇದೇ ಹುಡುಗ ತೋರಿಸಿದ."

"ನಮ್ಮದರಲ್ಲೂ ಎರಡು!" ಎಂದರು ನಾಯಿ ಕಂಬದವರು.

"ನಮ್ಮದರಲ್ಲಿ ಮೂರು ಬಂತು!" ಎಂದರು ಸುಣ್ಣದವರು, ಯಾರಿಗೂ ಕಡಿಮೆಯಾಗಬಾರದೆಂದು.

"ಕುಂಬಳಕ್ಕೂ ಬಂತಮ್ಮ," ಎಂದಳು ಅಜ್ಜಿ. "ಹುಡುಗನ ಕೈಗುಣ ಅಂಥದ್ದು. ಏನು ಕೊಟ್ರೂ ಎರಡು ಗೆರೆ ಬರಿಸ್ತಾನೆ."

"ಅಯ್ಯೋ, ಸುಮ್ನಿರಿ! ಯಾರಿಗೂ ಬರಲಿಲ್ಲ! ಒಬ್ಬರಿಗೂ ಬರಲಿಲ್ಲ!" ಎಂದು ತೊಟ್ಟಪ್ಪ ಗಂಟಲು ಹರಿದುಕೊಂಡ. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಮೇಡಂ ಗೋಡೆಯಿಂದ ಕೈ ತೆಗೆದರು. ಚೀಲದಿಂದ ಆದೇಶ ತೆಗೆದು ನಾಲ್ಕು ಚೂರು ಮಾಡಿ ಮತ್ತೆ ಚೀಲಕ್ಕೇ ಹಾಕಿಕೊಂಡರು. "ಉಳಿದ ಹನ್ನೊಂದು ಕಡೇಲಿ ಇಷ್ಟು ದೊಡ್ಡ ಮೋಸದ ವ್ಯವಸ್ಥೆ ಎಲ್ಲೂ ಇರಲಿಲ್ಲ," ಎಂದರು ಬೇಸರದಿಂದ. ತೊಟ್ಟಪ್ಪನ ಕಡೆ ತಿರುಗಿದರು. "ನೀವು ಬುದ್ಧಿವಂತರು. ಆ ಬುದ್ಧೀನ ನಿಜ ಹೇಳೋಕೆ ಬಳಸಿದ್ರೆ ಚೆನ್ನಾಗಿತ್ತು. ತಾತ್ಕಾಲಿಕವಾಗೇ ಇರಿ. ಮುಂದೆ ನೋಡೋಣ." ನಿರ್ದೇಶಕರಿಗೆ ಮಾತ್ರ ಕೈ ಮುಗಿದು, ನಾಲ್ಕೂವರೆಯ ಬಸ್ಸಿಗೆ ನಡೆದರು.

ತೊಟ್ಟಪ್ಪ ಬೋಳು ಗೋಡೆಗೆ ಒರಗಿ ಕೂತುಬಿಟ್ಟ. ಜೀವನದಲ್ಲಿ ಒಂದೂ ಸುಳ್ಳು ಹೇಳದೆ ಸುಳ್ಳುಗಾರನಾದ ದುಃಖ ಸಣ್ಣದಲ್ಲ. ಓಣಿಯವರು ತಾವು ಮಾಡಿದ ಉಪಕಾರಕ್ಕೆ ಅವನು ಒಂದು ಮಾತೂ ಆಡಲಿಲ್ಲವೆಂದು ನೊಂದು ಮನೆಗೆ ಹೋದರು.

ಐದು ಗಂಟೆಗೆ ಕರೆಗಂಟೆ ಮೊಳಗಿತು. ನಿರ್ದೇಶಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದರು. ಮುಖದಲ್ಲಿ ಬೆಳಗಿನ ಭಯದ ಸುಳಿವೂ ಇರಲಿಲ್ಲ.

"ಬಾ ತೊಟ್ಟಪ್ಪಾ. ಮೇಡಂ ಬಸ್ಸಿಂದಲೇ ಫೋನ್ ಮಾಡಿದ್ರು. ಮುಂದಿನ ವಾರ ಪ್ರಧಾನ ಕಚೇರೀಲಿ ನನ್ನ ಉಪನ್ಯಾಸವಂತೆ, 'ವಸಂತದಲ್ಲಿ ಕ್ರಿಮಿ ಯಾಕೆ ಸಿಗಲ್ಲ' ಅಂತ. ಹನ್ನೆರಡು ಕೇಂದ್ರದಲ್ಲಿ ಅದು ಗೊತ್ತಿರೋನು ನಾನೊಬ್ಬನೇ ಅಂತೆ. ಕುತ್ಕೋ, ಪೆನ್ನು ತಗೋ. ನೀನು ಬೆಳಿಗ್ಗೆ ಏನೋ ಹೇಳಿದೆಯಲ್ಲ, ಅದನ್ನ ಒಂದಿಪ್ಪತ್ತು ಪುಟ ಬರೆದುಕೊಡು. ಬೇಕರಿ ಗೋಡೆ ವಿಷಯಾನೂ ಸೇರಿಸು, ಅದು ನಿಜವಾಗ್ಲೂ ಚೆನ್ನಾಗಿದೆ."

ತೊಟ್ಟಪ್ಪ ಕುರ್ಚಿ ಎಳೆದು ಕೂತ, ತೋಳಿನ ಹಿಟ್ಟು ಕೊಡವಿದ, ಪೆನ್ನು ತೆಗೆದ. ವಿಷಯ ಅವನದಾಗಿತ್ತು, ಬರೆಯದೆ ಇರಲು ಅವನಿಂದ ಆಗುತ್ತಿರಲಿಲ್ಲ.

"ನನ್ನ ಹೆಸರು ಎಲ್ಲಿ ಹಾಕ್ಲಿ ಸಾರ್?" ಎಂದು ಕೇಳಿದ.

"ನಿನ್ನ ಹೆಸರಾ?" ಎಂದರು ನಿರ್ದೇಶಕರು, ಮಗುವಿಗೆ ಹೇಳುವ ಹಾಗೆ. "ವಸಂತದಲ್ಲಿ ಎರಡು ಗೆರೆ ತೋರಿಸಿದೋನ ಹೆಸರು ಇದರಲ್ಲಿದ್ರೆ ಯಾರು ನಂಬ್ತಾರೋ, ಹೇಳು."